ಒಂದು ತೂತಿನ ಆಸೆ

ಒಬ್ಬೊಬ್ಬರಿಗೆ ಒಂದೊಂದು ಆಸೆ. ನಮ್ಮ ಕಚೇರಿಯಲ್ಲಿ ಕೆಲವರಿಗೆ ಬಡ್ತಿಯ ಆಸೆ, ಕೆಲವರಿಗೆ ಸೈಟಿನ ಆಸೆ, ಸಾಹೇಬರಿಗೆ ಇಲ್ಲೇ ಇದ್ದುಬಿಡುವ ಆಸೆ, ನಮಗೆಲ್ಲ ಸಾಹೇಬರಿಗೆ ವರ್ಗವಾಗಲೆಂಬ ಆಸೆ. ನನ್ನದು ಮಾತ್ರ ಕಡಲೆಕಾಳಿನಷ್ಟೇ ಗಾತ್ರದ ಆಸೆ. ನನ್ನದೇ ಮನೆಯ ಗೋಡೆಯಲ್ಲಿ, ನನ್ನ ಕೈಯಾರೆ, ಒಂದು ದುಂಡನೆಯ ತೂತು ಕೊರೆಯಬೇಕು. ಇದನ್ನು ಹೇಳಿದರೆ ಜನ ನಗುತ್ತಾರೆ. ಹೇಳದೆ ಇದ್ದರೆ ಹೊಟ್ಟೆಯೊಳಗೇ ಕುಟುಕುತ್ತದೆ.

ಇದಕ್ಕೆಲ್ಲ ಕಾರಣ ಒಂದು ಕನ್ನಡಿ. ಮದುವೆಯಲ್ಲಿ ನನ್ನ ಹೆಂಡತಿ ಗಿರಿಜಾಳ ತವರಿನವರು ಕೊಟ್ಟದ್ದು. ಎರಡು ಗೇಣು ಎತ್ತರ, ಸುತ್ತ ದಪ್ಪ ತೇಗದ ಚೌಕಟ್ಟು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಶಿಕಾರಿಪುರದಲ್ಲಿ ನಾವು ಮನೆ ಕಟ್ಟಿಸಿದ ಮೇಲೆ ಅದು ಒಳಕೋಣೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತದ್ದು ಕೂತೇ ಇತ್ತು. ಗಿರಿಜಾ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ತಲೆ ಬಾಚಿಕೊಳ್ಳುತ್ತಿದ್ದಳು. ಕೂತರೆ ಮುಖ ಕಾಣುತ್ತಿತ್ತು, ಎದ್ದರೆ ಸೀರೆಯ ಅಂಚು. "ರೀ, ಒಂದ್ಸಲ ನಿಂತ್ಕಂಡು ನನ್ನ ಮುಖ ನೋಡ್ಕಬೇಕು ಕಣ್ರೀ" ಎನ್ನುತ್ತಿದ್ದಳು. ಮೊಳೆ ಹೊಡೆಯಬಾರದೇ ಎಂದು ನೀವು ಕೇಳಬಹುದು. ಹೊಡೆದೆ. ಆ ಗೋಡೆಗೆ ಕಟ್ಟುವಾಗ ಎರಡು ಹೊತ್ತೂ ಕೊಡದಲ್ಲಿ ಹೊತ್ತು ನೀರು ಹಾಕಿದವನು ನಾನೇ. ನೀರು ಕುಡಿದ ಋಣಕ್ಕೋ ಏನೋ ಗೋಡೆ ಬಂಡೆಯಾಗಿಬಿಟ್ಟಿತ್ತು. ಮೊಳೆಗಳು ನಾಚಿ ಬಾಗಿದವು. ಕೊನೆಯ ಮೊಳೆಗೆ ರೊಟ್ಟಿಯಗಲ ಗಾರೆ ಉದುರಿ ನನ್ನ ಕಾಲ ಮೇಲೆ ಬಿತ್ತು. ಅಂದಿನಿಂದ ಸುತ್ತಿಗೆಯನ್ನು ಗಿರಿಜಾ ಎಲ್ಲೋ ಎತ್ತಿಟ್ಟಳು. ನಾನೂ ಹುಡುಕಲು ಹೋಗಲಿಲ್ಲ.

ಆಗ ತೊಂಬತ್ತರ ದಶಕ. ನಮ್ಮ ಕಡೆ ಕರೆಂಟು ನೆಂಟರ ಹಾಗೆ ಬಂದು ಹೋಗುತ್ತಿದ್ದ ಕಾಲ. ಸೊರಬದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸಹೋದ್ಯೋಗಿ ಚಂದ್ರಪ್ಪ ಒಂದು ದಿನ, "ನಮ್ಮ ಭಾವಮೈದ ದುಬೈಯಿಂದ ಬಂದಾನೆ. ವೈರೇ ಇಲ್ಲದ ಡ್ರಿಲ್ ಮಿಷನ್ ತಂದಾನೆ. ರೇಟು ಕುದುರಿದ್ರೆ ಕೊಡ್ತಾನಂತೆ" ಎಂದ. ಭಾನುವಾರವೇ ಸೊರಬಕ್ಕೆ ಹೋದೆ. ಕಿತ್ತಳೆ ಬಣ್ಣ, ಪಿಸ್ತೂಲಿನ ಆಕಾರ, ಕತ್ತಿನ ಸುತ್ತ ತಿರುಗುವ ಬಳೆ, ಬಳೆಯ ಮೇಲೆ ಪುಟ್ಟ ಸುತ್ತಿಗೆಯ ಚಿತ್ರ. ಬಳೆಯನ್ನು ಅಲ್ಲಿಗೆ ತಿರುಗಿಸಿದರೆ ಮಿಷನ್ನು ತಿರುಗುತ್ತಲೇ ಕುಟ್ಟುತ್ತದಂತೆ. "ಅಲ್ಲಿ ಇದು ಅಗ್ಗದ ಮಾಲು, ಸುಳ್ಳು ಹೇಳಲ್ಲ. ಆದ್ರೆ ಮನೆ ಕೆಲಸಕ್ಕೆ ಸಾಕು" ಎಂದ ಭಾವಮೈದ. ನಾನು ಗುಂಡಿ ಒತ್ತಿದೆ. ಅದು ನನ್ನ ಅಂಗೈಯಲ್ಲಿ ಜೀವ ಬಂದಂತೆ ಗುರ್ರೆಂದಿತು. ಯೋಚಿಸಿ ಹೇಳುತ್ತೇನೆ ಎಂದು ಬಾಯಲ್ಲಿ ಅಂದೆ, ಕೈ ಮಾತ್ರ ಅದನ್ನು ವಾಪಸು ಕೊಡಲು ಸುಲಭಕ್ಕೆ ಒಪ್ಪಲಿಲ್ಲ.

ಅದೇ ಹೊತ್ತಿಗೆ ಬಂದಳಿಕೆ ಕಡೆಯ ಹಳ್ಳಿಯಿಂದ ಗಿರಿಜಾಳ ಅಪ್ಪ, ನಮ್ಮ ಮಾವ ರುದ್ರಪ್ಪನವರು ಬಂದಿಳಿದರು. ಸುತ್ತಿನ ಹಳ್ಳಿಗಳಲ್ಲಿ ಅವರು ಮುಟ್ಟಿ ನೋಡದೆ ಯಾರೂ ಎತ್ತು ಕೊಳ್ಳುವುದಿಲ್ಲ. ವಿಷಯ ಕೇಳಿ ಮೀಸೆ ತಿರುವಿದರು. "ದುಡಿಸಿ ನೋಡ್ದೆ ಕೊಳ್ಳಬಾರ್ದ್ರೀ ಅಳಿಯಂದ್ರೇ. ಎತ್ತು ತಂದ್ರೆ ಒಂದಿನ ಹೂಡಿ ನೋಡಲ್ವೇನ್ರೀ? ಇದೂ ಹಂಗೇ." ಭಾವಮೈದ ಒಳ್ಳೆಯವನು. ಮರುದಿನ ಸಂಜೆಯೊಳಗೆ ತಂದುಕೊಡುವ ಕರಾರಿನ ಮೇಲೆ ಮುಂದಿನ ಶನಿವಾರ ಮಿಷನ್ನು ಕೊಟ್ಟ.

ಭಾನುವಾರ ಬೆಳಿಗ್ಗೆ ಕರೆಂಟು ಇದ್ದಷ್ಟು ಹೊತ್ತು ಚಾರ್ಜಿಗೆ ಹಾಕಿದೆವು. ಕರೆಂಟು ಹೋದ ಕೂಡಲೇ ಮಾವ ಅದನ್ನು ಅಂಗಳಕ್ಕೆ ತಂದರು. ಮೂರು ಬೆರಳಲ್ಲಿ ವಿಭೂತಿ ಎಳೆದರು. ಬೆನ್ನು ಸವರಿದರು. ಕೊರೆಯುವ ಕಡ್ಡಿ, ಅದೇ ಬಿಟ್ಟು, ಸಿಕ್ಕಿಸುವ ಬಾಯನ್ನು ಇಣುಕಿ ನೋಡಿ, "ಮೂರೇ ಹಲ್ಲು ಅವೆ!" ಎಂದರು. ಅದಕ್ಕೆ ಅಷ್ಟೇ ಇರುವುದು ಎಂದು ಸಮಾಧಾನ ಹೇಳಿದೆ. "ಮೊದ್ಲು ಮೆದು ಭೂಮಿ, ಆಮೇಲೆ ಕಲ್ಲು ಭೂಮಿ" ಎಂದು ಪರೀಕ್ಷೆ ಶುರುವಾಯಿತು. ಬಚ್ಚಲ ಬಾಗಿಲಿನ ಮರದಲ್ಲಿ ಸರ್ರನೆ ಹೋಯಿತು. ಕಾಂಪೌಂಡಿನ ಇಟ್ಟಿಗೆಯಲ್ಲಿ ಗೊಣಗುತ್ತ ಹೋಯಿತು. ಸದ್ದಿಗೆ ಕೇರಿಯ ಜನ ಸೇರಿದರು. ಒಬ್ಬರಿಗೆ ತೊಲೆಗೊಂದು ತೂತು, ಇನ್ನೊಬ್ಬರಿಗೆ ಕ್ಯಾಲೆಂಡರಿಗೊಂದು. "ಬರ್ರಿ ಬರ್ರಿ, ಪರೀಕ್ಷೆ ಆಗ್ಲಿ" ಎಂದು ಮಾವ ಮನೆಮನೆಗೆ ಹೊರಟರು. ನಾನು ಬಿಟ್ಟುಗಳ ಡಬ್ಬಿ ಹಿಡಿದು ಹಿಂದೆ ಹೋದೆ. ಗಿರಿಜಾ ಒಳಗಿನಿಂದ, "ರೀ, ಮೊದ್ಲು ಕನ್ನಡಿ..." ಎಂದು ಕರೆದಳು. "ಬಂದೆ ಬಂದೆ" ಎಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು; ಅಂಥ ಭಾಗ್ಯ ಬಿಟ್ಟು ಯಾರು ಒಳಗೆ ಹೋಗುತ್ತಾರೆ?

ಕೊನೆಗೆ ಬಟ್ಟೆ ಒಗೆಯುವ ಕಲ್ಲು. ಮಿಷನ್ನು ಕುಟ್ಟಿತು, ಕೂಗಿತು, ಬಿಸಿಯಾಯಿತು. ಕಲ್ಲಿನ ಮೇಲೆ ಬಿದ್ದದ್ದು ಒಂದು ಬಿಳಿ ಬೊಟ್ಟು. ಮಾವ ತೀರ್ಪು ಕೊಟ್ಟರು: "ಇಳಿಜಾರಿನಾಗೆ ಓಡ್ತದೆ, ಏರಿನಾಗೆ ನಿಲ್ತದೆ. ಬ್ಯಾಡ ಬಿಡ್ರೀ."

ಆಗಲೇ ಅದರ ದನಿ ಕುಗ್ಗಿದ್ದು ನನಗೆ ಕೇಳಿಸಿತು. ಬ್ಯಾಟರಿ ಮುಗಿಯುತ್ತಿದೆ, ಕರೆಂಟಿಲ್ಲ, ಸಂಜೆ ಸೊರಬದ ಬಸ್ಸು. ಒಳಗೆ ಓಡಿದೆ. ಪರೀಕ್ಷಕರಿಗೆಲ್ಲ ರೊಟ್ಟಿ ಬಡಿಯುತ್ತಿದ್ದ ಗಿರಿಜಾ ಹಿಟ್ಟಿನ ಕೈಯಲ್ಲಿ, "ತಡೀರಿ, ಬಂದೆ" ಎಂದಳು. ತಡೆಯುವುದಕ್ಕೆ ಬ್ಯಾಟರಿ ಕೇಳಬೇಕಲ್ಲ! ಗೋಡೆಯ ಎದುರು ನೆಟ್ಟಗೆ ನಿಂತು ಗುರುತು ಹಾಕಿ, ಮೈಭಾರವೆಲ್ಲ ಹಾಕಿ ಒತ್ತಿದೆ. ಅದು ನರಳುತ್ತ ನರಳುತ್ತ ಒಳಗಿಳಿದು, ಬೆಣೆ ಕೂರುವಷ್ಟು ಆಳಕ್ಕೆ ಹೋಗಿ ಪ್ರಾಣ ಬಿಟ್ಟಿತು. ದುಂಡನೆಯ ತೂತು. ಬೆರಳು ಸವರಿ ನೋಡಿದೆ. ನಿಜಕ್ಕೂ ಕಣ್ಣು ತುಂಬಿತು. ಮರದ ಬೆಣೆ ಹೊಡೆದು, ಸ್ಕ್ರೂ ಹಾಕಿ, ಕನ್ನಡಿ ತೂಗುಹಾಕಿ, "ಬಾರೇ" ಎಂದು ಕೂಗಿದೆ.

ಗಿರಿಜಾ ಕೈ ಒರೆಸಿಕೊಂಡು ಬಂದು ಎದುರು ನಿಂತಳು. ಅವಳು ನನ್ನ ಭುಜಕ್ಕೆ ಬರುವವಳು. ತುದಿಗಾಲಲ್ಲಿ ಕತ್ತು ಚಾಚಿದಳು, ಕಂಡದ್ದು ಬರೀ ನೆತ್ತಿ. ಆಮೇಲೆ, "ಬೈತಲೆ ನೆಟ್ಟಗೈತೆ ಕಣ್ರೀ" ಎಂದಳು. ಬೈದಿದ್ದರೆ ವಾಸಿಯಿತ್ತು. ಬಾಗಿಲಲ್ಲಿ ನಿಂತಿದ್ದ ಮಾವ ಮೆಲ್ಲಗೆ, "ಮಣೆ ತಗಂಡು ಬಾ ಮಗಾ" ಎಂದರು. ಉದ್ದನೆಯ ಹಗ್ಗ ಕಟ್ಟಿ ಕೆಳಗಿಳಿಸಿಯೂ ನೋಡಿದೆವು. ಭಾರಕ್ಕೆ ಕನ್ನಡಿ ಮುಂದೆ ಬಾಗಿ ಮತ್ತೆ ನೆಲವನ್ನೇ ತೋರಿಸಿತು.

ಮಿಷನ್ನನ್ನು ಅಂದು ಸಂಜೆಯೇ ಒಪ್ಪಿಸಿ ಬಂದೆ. ಅದು ಈಗ ಆನವಟ್ಟಿಯ ಯಾರದೋ ಮನೆಯಲ್ಲಿದೆಯಂತೆ. ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವಾಗೆಲ್ಲ ಕಿಟಕಿಯಿಂದ ಕತ್ತು ಚಾಚಿ ಆ ಊರಿನ ಗೋಡೆಗಳನ್ನು ನೋಡುತ್ತೇನೆ. ಯಾವ ಮನೆಯೊಳಗೋ ಅದು ಗುರ್ರೆನ್ನುತ್ತಿರಬಹುದು ಅನ್ನಿಸಿ ಅಂಗೈ ಜುಮ್ಮೆನ್ನುತ್ತದೆ. ಇನ್ನೊಂದೇ ಒಂದು ತೂತು, ಮೊದಲಿನದಕ್ಕಿಂತ ಒಂದು ಗೇಣು ಕೆಳಗೆ. ಅಷ್ಟು ಸಿಕ್ಕಿದ್ದರೆ ಸಾಕಿತ್ತು.

ಗಿರಿಜಾ ಈಗಲೂ ಮಣೆಯ ಮೇಲೆ ನಿಂತೇ ತಲೆ ಬಾಚಿಕೊಳ್ಳುತ್ತಾಳೆ. ಮಣೆಯಿಲ್ಲದೆ ಆ ಕನ್ನಡಿಯಲ್ಲಿ ಮುಖ ಕಾಣುವುದು ನಮ್ಮ ಮನೆಯಲ್ಲಿ ಒಬ್ಬನಿಗೇ. ದಿನಾ ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಅವನನ್ನು ಹತ್ತಿರದಿಂದ ನೋಡುತ್ತೇನೆ. ನಮ್ಮ ಮಾವ ಹೂಡಿ ನೋಡದೆ ಮನೆಗೆ ತಂದುಕೊಂಡದ್ದು ಇವನೊಬ್ಬನನ್ನೇ.