ಡಿಸ್ಕೋ, ರಿಮ್ಮೋ?

ನಮ್ಮ ಸೋದರಮಾವ ಹೆಣ್ಣು ನೋಡಲು ಹೋದಾಗ ತಟ್ಟೆಯ ಉಪ್ಪಿಟ್ಟು ಆರುವ ಮೊದಲೇ ಒಪ್ಪಿಗೆ ಕೊಟ್ಟು ಬಂದವರು. ಅಂಥವರಿಗೆ ಒಂದು ಸೈಕಲ್ಲಿನ ಬ್ರೇಕು ಒಪ್ಪಲು ಇಡೀ ಮಳೆಗಾಲ ಸಾಲಲಿಲ್ಲ ಎಂದರೆ ನಂಬುತ್ತೀರಾ?

ಮಾವ ಕೊಟ್ಟೂರಿನಲ್ಲಿ ಗಣಿತದ ಮೇಷ್ಟ್ರು. ತೆಳ್ಳನೆಯ ಟೈರಿನ, ಹಗುರವಾದ ರೋಡ್ ಬೈಕ್ ಕೊಳ್ಳುತ್ತೇನೆಂದು ಹೊರಟು ಬ್ರೇಕಿನ ಹತ್ತಿರ ಸಿಕ್ಕಿಬಿದ್ದರು. ರಿಮ್ ಬ್ರೇಕಾದರೆ ರಬ್ಬರ್ ತುಂಡುಗಳು ಗಾಲಿಯ ಅಂಚನ್ನು ಅಮುಕಿ ಹಿಡಿಯುತ್ತವೆ. ಕೆಟ್ಟರೆ ಬಸ್‌ಸ್ಟ್ಯಾಂಡಿನ ಹತ್ತಿರವೇ ರಿಪೇರಿ. ಡಿಸ್ಕ್ ಆದರೆ ಗಾಲಿಯ ನಡುವಿನ ಉಕ್ಕಿನ ತಟ್ಟೆಯನ್ನು ಹಿಡಿಯುತ್ತದೆ. ಗಕ್ಕನೆ ನಿಲ್ಲುತ್ತದೆ, ಆದರೆ ಕೆಟ್ಟರೆ ದಾವಣಗೆರೆಗೇ ಹೊತ್ತೊಯ್ಯಬೇಕು.

"ನಿಲ್ಲೋದು ಆಮ್ಯಾಲೆ ನೋಡ್ಕಳ್ರಿ, ಮೊದ್ಲು ಹತ್ತೋದು ನೋಡ್ರಿ" ಎಂದರು ಅತ್ತೆ.

ಮಾವ ಸಹೋದ್ಯೋಗಿಯ ರಿಮ್ ಬ್ರೇಕಿನ ಸೈಕಲ್ ಎರವಲು ತಂದು, ಮಳೆ ನಿಂತ ಮೇಲೆ ಉಜ್ಜಿನಿ ರಸ್ತೆಯಲ್ಲಿ ಪರೀಕ್ಷೆಗೆ ಇಳಿದರು. ತಿರುವಿನಲ್ಲಿ ಕುರಿಹಿಂಡು. ಗಾಲಿ ಒದ್ದೆ, ಬ್ರೇಕು ಜಾರಿತು. ಮಾವ ಉಣ್ಣೆಯ ಮೇಲೆ ಮೆತ್ತಗೆ ಇಳಿದರು.

"ಬ್ರೇಕ್ ಇಲ್ಲೇನ್ರಿ ಮೇಷ್ಟ್ರೇ?" ಎಂದ ಕುರಿಗಾಹಿ.

"ಐತಪ್ಪ, ರಿಮ್ ಬ್ರೇಕು."

"ಮತ್ತ ಹಿಡೀಬೇಕಿತ್ತಲ್ರಿ."

ಇನ್ನು ಡಿಸ್ಕಿನ ವಿಚಾರಣೆ. ಅದು ನಡೆದದ್ದು ಹರಪನಹಳ್ಳಿಯ ಮದುವೆಯಲ್ಲಿ. ಮದುಮಗ ಮಾವನ ಹಳೆಯ ಶಿಷ್ಯ, ಡಿಸ್ಕ್ ಬ್ರೇಕಿನ ಸೈಕಲ್ ಇಟ್ಟವನು. ಅಕ್ಷತೆ ಹಾಕಲು ವೇದಿಕೆ ಹತ್ತಿದ ಮಾವ ಆಶೀರ್ವಾದವನ್ನೇ ಮರೆತು ಕೇಳಿದರು: "ನಿನ್ ಡಿಸ್ಕ್ ಹೆಂಗೈತೋ? ಏನಾರ ತ್ರಾಸು ಕೊಟ್ಟೈತೇನು?"

"ಥಂಡಿಯಾಗ ಸ್ವಲ್ಪ ಕಿರ್ ಅಂತೈತ್ರಿ ಸರ್. ದಾವಣಗೆರೆಗೆ ಹೋಗಿ ತೋರಿಸ್ಕಂಡು ಬಂದೀನಿ."

ಪಕ್ಕದಲ್ಲಿದ್ದ ಹೆಣ್ಣಿನ ತಾಯಿಯ ಮುಖ ಬಿಳಿಚಿತು. ಹುಡುಗನಿಗೆ ಬೆನ್ನಿನ ಡಿಸ್ಕ್ ತೊಂದರೆಯಂತೆ, ಮುಚ್ಚಿಟ್ಟು ಮದುವೆ ಮಾಡಿದ್ದಾರಂತೆ ಎಂಬ ಸುದ್ದಿ ಊಟದ ಪಂಕ್ತಿಯವರೆಗೆ ಹರಿಯಿತು. ಕೊನೆಗೆ ಮದುಮಗನೇ ಎಲ್ಲರೆದುರು ಬಗ್ಗಿ ಕಾಲ್ಬೆರಳು ಮುಟ್ಟಿ ತೋರಿಸಿದ ಮೇಲೆ ಬೀಗರು ಹೋಳಿಗೆ ಮುಟ್ಟಿದರು.

ಅಂತೂ ದಸರೆಯ ರಜೆಯಲ್ಲಿ ಡಿಸ್ಕ್ ಬ್ರೇಕಿನ ಬೈಕ್ ಮನೆಗೆ ಬಂತು. ನಾನು ಅಂದು ಅಲ್ಲೇ ಇದ್ದೆ. ಮಾವ ಆರಡಿ ಆಳು, ಸೈಕಲ್ಲು ಅವರ ಸೊಂಟಕ್ಕೂ ಬರುತ್ತಿರಲಿಲ್ಲ.

"ಮಾವ, ಇದು ನಿಮಗ ಗಿಡ್ಡ ಆತಲ್ರಿ" ಎಂದೆ.

"ನನಗಲ್ಲಪ್ಪ" ಎಂದು ಅವರು ಅತ್ತೆಯನ್ನು ಹೊರಗೆ ಕರೆದರು.

ಅತ್ತೆ ಪಕ್ಕದ ಹಳ್ಳಿಯ ಅಂಗನವಾಡಿಯ ಕೆಲಸಕ್ಕೆ ದಿನವೂ ಸೈಕಲ್ಲಿನಲ್ಲೇ ಹೋಗುತ್ತಿದ್ದವರು. ಚಿಕೂನ್‌ಗುನ್ಯಾ ಬಂದುಹೋದ ಮೇಲೆ ಬೆರಳ ಸಂದುಗಳು ಹಿಡಿದುಕೊಂಡು, ಬ್ರೇಕು ಅಮುಕಲಾಗದೆ ಒಮ್ಮೆ ಬೇಲಿಗೆ ಬಿದ್ದಿದ್ದರು. ಆಮೇಲೆ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟು, ಬಸ್ಸಿಗೆ ಕಾಯುವುದನ್ನು ಕಲಿತರು. ಅದರ ಮಾತನ್ನೇ ಎತ್ತಿರಲಿಲ್ಲ.

"ಇದಕ್ಕ ಒಂದು ಬೆರಳು ಸಾಕು. ಅಮುಕಿ ನೋಡು" ಎಂದರು ಮಾವ.

ಅತ್ತೆ ವೇಲನ್ನು ಬಿಗಿದು ಕಟ್ಟಿ ಹತ್ತಿದರು. ಓಣಿಯ ತುದಿಯವರೆಗೆ ಹೋಗಿ ಬಂದು ಮಾವನ ಮುಂದೆಯೇ ನಿಲ್ಲಿಸಿದರು.

"ಬೆರಳು ನೋವಾತೇನು?"

ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಕಣ್ಣು ತುಂಬಿತ್ತು. "ಅಂಗನವಾಡಿ ತನಕ ಹೋಗಿ ಬರ್ತೀನಿ, ನೀವು ಉಂಡ್ಬಿಡ್ರಿ" ಎಂದು ತಿರುಗಿಸಿಕೊಂಡು ಹೊರಟೇಬಿಟ್ಟರು.

ಮಾವ ಉಣ್ಣಲಿಲ್ಲ. ಅತ್ತೆ ಬರುವವರೆಗೂ ಕಟ್ಟೆಯ ಮೇಲೆ ಕೂತೇ ಇದ್ದರು.