ಗೋಲಿಲ್ಲದೆ ನಾಲ್ಕನೇ ಸುತ್ತಿಗೆ

ನಾಕೌಟ್ ಅಂದರೆ ಸೋತವನು ಅವತ್ತೇ ಮನೆಗೆ. ನಮ್ಮ ಹಾಸನದ ತಂಡಕ್ಕೆ ಆಟ ಬರುತ್ತೋ ಇಲ್ಲವೋ, ಮನೆ ದಾರಿ ಮಾತ್ರ ಬಾಯಿಪಾಠ. ದೇಶಮಟ್ಟದ ಈ ಫುಟ್‌ಬಾಲ್ ಕಪ್ಪಿಗೆ ಪ್ರತಿ ವರ್ಷ ಹೆಸರು ಕೊಡುತ್ತೇವೆ, ಮೊದಲ ಮ್ಯಾಚಿನಲ್ಲೇ ಸೋತು ಬರುತ್ತೇವೆ. ನಾನು ಮ್ಯಾನೇಜರ್. ಅಂದರೆ ನೀರಿನ ಕ್ಯಾನು, ನೋವಿನ ಮುಲಾಮು, ಬಸ್ ಟಿಕೆಟ್ಟು ನನ್ನ ಜವಾಬ್ದಾರಿ. ಆಟ ಕಲಿಸೋರು ಪಿ.ಟಿ. ಮೇಷ್ಟ್ರು, ಮಹಾ ಕಟ್ಟುನಿಟ್ಟಿನ ಮನುಷ್ಯ. ಈ ಸಲ ಅವರು ರಿಟೈರ್ ಆಗೋದಿತ್ತು.

"ಕಪ್ಪು ಯಾರಿಗೆ ಬೇಕಯ್ಯ? ಈ ಕಪ್ಪಿನಲ್ಲಿ ನಮ್ಮೋರು ಹೊಡೆದ ಒಂದೇ ಒಂದು ಗೋಲು ನೋಡಿಬಿಟ್ಟರೆ ಸಾಕು. ಇಷ್ಟು ವರ್ಷ ಆಯ್ತು, ಒಂದೂ ನೋಡಲಿಲ್ಲ" ಅಂದರು.

ಒಂದು: ಹೊಳೆನರಸೀಪುರ

ನಾವು ಬೂಟು ಬಿಗಿದು ನಿಂತಿದ್ದೇವೆ, ಎದುರಾಳಿ ತಂಡದ ಒಬ್ಬನೂ ಇಲ್ಲ. ಅವರ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಹಿಂದೆ ಪಾತ್ರೆ ಸದ್ದು.

"ಸಾ, ಬಾಗೂರಲ್ಲಿ ನಮ್ಮಕ್ಕನ ಬೀಗರೂಟ. ಟೀಮೆಲ್ಲಾ ನೆಂಟ್ರೇ. ಈಗ ಎಲೆ ಆಕ್ತಾವ್ರೆ."

"ಬರದೇ ಇದ್ದರೆ ಔಟ್ ಆಗ್ತೀರ ಕಣಪ್ಪ."

"ಬೀಗರೂಟ ಬುಟ್ಟು ಬಂದ್ರೆ ಮನೆಯಿಂದ್ಲೇ ಔಟ್ ಆಯ್ತೀವಿ ಸಾ. ನೀವೂ ಬಂದ್ಬುಡಿ, ಮಟನ್ನು ಬೇಜಾನ್ ಐತೆ."

ರೆಫರಿ ಗಡಿಯಾರ ನೋಡಿ ನೋಡಿ, ಕೊನೆಗೆ ನಾವೇ ಗೆದ್ದೆವು ಅಂತ ಬರೆದುಕೊಂಡು ಹೊರಟರು. ಮೇಷ್ಟ್ರು ಮುಖ ಗಂಟು ಹಾಕಿಕೊಂಡು "ಆಡದೆ ಗೆದ್ದೋರು ಯಾರಿಗೆ ಮುಖ ತೋರಿಸ್ತಾರಯ್ಯ?" ಅಂದರು. ಆದರೂ ಕರೆದ ಮೇಲೆ ಹೋಗದಿದ್ದರೆ ಅವರು ತಪ್ಪು ತಿಳಿಯುತ್ತಾರಲ್ಲ ಅಂತ ಎಲ್ಲರೂ ಬಾಗೂರಿಗೆ ಹೋದೆವು. ನೋಡಿದರೆ ರೆಫರಿ ಆಗಲೇ ಮೊದಲ ಪಂಕ್ತಿಯಲ್ಲಿ ಕೂತು ಮೂಳೆ ಚೀಪುತ್ತಿದ್ದರು.

ಎರಡು: ಅರಕಲಗೂಡು

ಇಲ್ಲಿ ಕೊಣನೂರು ಕಡೆಯ ತಂಡ. ನಿಜವಾಗಿಯೂ ಆಡಿದರು, ನಾವೂ ಆಡಿದೆವು. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚಿನ ಸಮಯ ಕೊಟ್ಟರು, ಆಗಲೂ ಇಲ್ಲ. ಇನ್ನು ಪೆನಾಲ್ಟಿ ಒದೆತ. ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ನಮ್ಮವನು ಚೆಂಡು ಇಟ್ಟು ಹಿಂದೆ ಸರಿದ. ಅಷ್ಟರಲ್ಲಿ ಅವರ ಗೋಲಿ, ಅಂದರೆ ಗೋಲ್‌ಕೀಪರ್, ಗ್ಲೌಸ್ ಬಿಚ್ಚಿ ಬೈಕಿನ ಕಡೆ ನಡೆದ. ಹಿಂದೆಯೇ ಉಳಿದವರೂ ಹೊರಟರು.

"ಯಾಕ್ರಪ್ಪಾ?" ಅಂದೆ.

"ಆಲು ಕರಿಯೋ ಒತ್ತು ಸಾ. ಡೈರಿ ಬಾಗ್ಲು ಆಕ್ಬುಡ್ತಾರೆ. ಅಸ ನಿಮ್ ಪೆನಾಲ್ಟಿಗೆ ಕಾಯ್ತದಾ?"

ಒಬ್ಬರ ಮೇಲೊಬ್ಬರು ಕೂತು ಮೂರು ಬೈಕಿನಲ್ಲಿ ಇಡೀ ತಂಡ ಮಾಯ. ರೆಫರಿ ಈ ಸಲವೂ ನಾವೇ ಗೆದ್ದೆವು ಅಂತ ಬರೆದುಕೊಂಡರು. ನಮ್ಮವನು ಖಾಲಿ ಗೋಲನ್ನು ಆಸೆಯಿಂದ ನೋಡಿ "ಒದ್ಬುಡ್ಲಾ ಸಾ?" ಅಂದ. ಮೇಷ್ಟ್ರು ಕನ್ನಡಕ ಬಿಚ್ಚಿ ಜೇಬಿಗೆ ಹಾಕಿದರು.

"ಮನೇಲಿ ಯಾರೂ ಇಲ್ದಾಗ ನುಗ್ಗೋದನ್ನ ಗೋಲು ಅನ್ನಲ್ಲ ಕಣಯ್ಯ, ಕಳ್ಳತನ ಅಂತಾರೆ."

ಮೂರು: ಚನ್ನರಾಯಪಟ್ಟಣ

ಈ ಮ್ಯಾಚಿನಲ್ಲಿ ಗೋಲಾಯಿತು. ಹೇಗೆ ಅಂತ ಕೇಳಬೇಡಿ, ನಾನೇ ಹೇಳುತ್ತೇನೆ.

ಎದುರಾಳಿಗಳ ಗೋಲಿ ಸರಿಯಾಗೇ ನಿಂತಿದ್ದ. ಬಲೆಯ ಹಿಂದಿನಿಂದ ಒಬ್ಬ ಅಜ್ಜ "ಶಾಂತಿಗ್ರಾಮದ ಬಸ್ಸು ಎಲ್ಲಿ ನಿಲ್ತದಪ್ಪ?" ಅಂತ ಕೇಳಿದರು. ಇವನು ತಿರುಗಿ, ಕೈ ಚಾಚಿ, ಆ ಮರ, ಆ ಅಂಗಡಿ ಅಂತ ದಾರಿ ಹೇಳುತ್ತಿದ್ದ. ಅದೇ ಹೊತ್ತಿಗೆ ಅವರ ತಂಡದವನೇ ಗೋಲಿ ಇದ್ದಾನೆ ಅನ್ನೋ ನಂಬಿಕೆಯಲ್ಲಿ ಚೆಂಡನ್ನು ಹಿಂದಕ್ಕೆ ತಳ್ಳಿದ. ಚೆಂಡು ಮೆಲ್ಲಗೆ ಉರುಳಿಕೊಂಡು ಒಳಗೆ ಹೋಯಿತು.

ಅವರ ಕ್ಯಾಪ್ಟನ್ ಬೈದ. ಗೋಲಿ ತಣ್ಣಗೆ "ದೊಡ್ಡೋರು ಕೇಳ್ದಾಗ ಯೋಳ್ದೆ ಇರಕ್ಕಾಯ್ತದೇನ್ಲಾ?" ಅಂದ. ನಮ್ಮವರು ಕುಣಿದರು. ಮೇಷ್ಟ್ರು ಮಾತ್ರ ಕೂತಲ್ಲಿಂದ ಏಳಲಿಲ್ಲ. "ಅದು ಅವರು ಹೊಡೆದ ಗೋಲು. ನೀವು ನೋಡಿದಿರಿ, ಅಷ್ಟೆ."

ಮತ್ತೆ ಗೋಲಾಗದೆ ಆಟ ಮುಗಿಯಿತು. ಅಜ್ಜ ಹೊರಡುವ ಮುಂಚೆ "ಯಾರಪ್ಪ ಗೆದ್ದೋರು?" ಅಂತ ನನ್ನನ್ನು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನೀವೇ ಅಜ್ಜ" ಅಂದೆ.

ನಾಲ್ಕು: ಹಾಸನ

ಹೀಗೆ ಒಂದೂ ಗೋಲು ಹೊಡೆಯದೆ ನಾಲ್ಕನೇ ಸುತ್ತಿಗೆ ಬಂದೆವು. ಎದುರಿಗೆ ಹೊರರಾಜ್ಯದ ದೊಡ್ಡ ತಂಡ. ಅವರ ತೊಡೆ ನೋಡಿಯೇ ನಮ್ಮವರ ಅರ್ಧ ಜೀವ ಹೋಯಿತು. ಮೇಷ್ಟ್ರಿಗೆ ಇದು ಕೊನೇ ಮ್ಯಾಚು ಅಂತ ಎಲ್ಲರಿಗೂ ಗೊತ್ತಿತ್ತು.

ನಮ್ಮ ಕಡೆ ಮುಖ್ಯ ಅತಿಥಿ ಚೆಂಡು ಒದೆಯದೆ ಯಾವ ಆಟವೂ ಶುರುವಾಗುವುದಿಲ್ಲ. ಚೆಂಡನ್ನು ಪೆನಾಲ್ಟಿ ಜಾಗದಲ್ಲಿಟ್ಟು ಕಾದೆವು. ಅತಿಥಿ ಬರಲೇ ಇಲ್ಲ. ಕೊನೆಗೆ ನಮ್ಮ ಕ್ಯಾಪ್ಟನ್ ಹೋಗಿ ಮೇಷ್ಟ್ರ ಕೈ ಹಿಡಿದು "ನೀವೇ ಒದೀರಿ ಸಾ" ಅಂದ. ಅವರು ಬೇಡ ಬೇಡ ಅಂದರೂ ಕೇಳದೆ ಎಳೆದು ತಂದ.

ಆ ತಂಡದ ಗೋಲಿ ಮರ್ಯಾದೆಗೆ ಪಕ್ಕಕ್ಕೆ ಸರಿದು ನಿಂತ. ಮೇಷ್ಟ್ರು ಅವನಿಗೆ ಕೈಸನ್ನೆ ಮಾಡಿ ನಡುವೆ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು. ಎರಡು ಹೆಜ್ಜೆ ಓಡಿ ಒದ್ದರು. ಗೋಲಿ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು. ಅವನು ಬೇಕಂತಲೇ ಹಾಗೆ ಹಾರಿದನೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರು ಕಣ್ಣು ಒರೆಸಿಕೊಂಡರು. ನಾನು ಆ ಕಡೆ ನೋಡಲಾರದೆ ನೀರಿನ ಕ್ಯಾನಿನ ಮುಚ್ಚಳ ಬಿಗಿ ಮಾಡಿದೆ.

ಸ್ಕೋರು ಬರೆಯಲು ಕರಿಹಲಗೆಯ ಹತ್ತಿರ ಕೂರಿಸಿದ್ದ ಶಾಲೆಯ ವಾಚ್‌ಮನ್‌ಗೆ ಉದ್ಘಾಟನೆಗೂ ಆಟಕ್ಕೂ ವ್ಯತ್ಯಾಸ ತಿಳಿಯದು. ಬಲೆ ಅಲುಗಿದ್ದನ್ನು ನೋಡಿ ಹಾಸನದ ಮುಂದೆ ದಪ್ಪಕ್ಷರದಲ್ಲಿ ಒಂದು ಅಂತ ಬರೆದುಬಿಟ್ಟ. ಆಮೇಲೆ ಆಟದಲ್ಲಿ ಹೊರರಾಜ್ಯದವರು ಐದು ಗೋಲು ಹೊಡೆದರು, ಅದನ್ನೂ ಬರೆದ. ನಾವು ಸೋತೆವು.

ಆಟ ಮುಗಿದ ಮೇಲೆ ಮೇಷ್ಟ್ರು ಡಸ್ಟರ್ ಹಿಡಿದು ಹಲಗೆಯ ಕಡೆ ನಡೆದರು. ಎಂಥಾ ಮನುಷ್ಯ ಅಂತ ನಮಗೆ ಗೊತ್ತಲ್ಲ, ನಮ್ಮ ಒಂದು ಹೋಯಿತು ಅಂತ ಎಲ್ಲರೂ ತಲೆ ತಗ್ಗಿಸಿದೆವು. ಅವರು ಹಲಗೆಯನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ, ಒಂದು ಗೆರೆಯೂ ಉಳಿಯದ ಹಾಗೆ, ಆ ಐದನ್ನು ಅಳಿಸಿದರು.

"ಅವರಿಗೇನಯ್ಯ," ಅಂದರು ಡಸ್ಟರ್ ನನ್ನ ಕೈಗೆ ಕೊಟ್ಟು, "ಇನ್ನೂ ಮ್ಯಾಚುಗಳು ಇದಾವೆ, ಬೇರೆ ಹೊಡ್ಕೋತಾರೆ."