ಝೆಲಿಗ್ ಕೇಳಿದ ಗಂಡು

ಯಹೂದಿಗಳ ಮಹಾ ಉಪವಾಸ ಹತ್ತಿರ ಬಂದಿತ್ತು. ವರ್ಷದ ಪಾಪವನ್ನೆಲ್ಲ ಹೊರಿಸಿ ತಲೆಯ ಸುತ್ತ ನಿವಾಳಿಸಲು ದರ್ಜಿ ಝೆಲಿಗನಿಗೆ ಮಾತ್ರ ಇನ್ನೂ ಹುಂಜ ಸಿಕ್ಕಿರಲಿಲ್ಲ.

“ಪೇಟೇಲಿ ಒಂದು ಪುಕ್ಕವೂ ಉಳಿದಿಲ್ಲ, ರೆಬ್ ಝೆಲಿಗ್. ಸ್ಪೇನಿನವರ ಓಣೀಲಿ ಕೇಳಿ ನೋಡಿ,” ಎಂದಳು ಪಕ್ಕದ ಮನೆಯ ಟೆಮೆರ್ಲ್.

“ಬರಿಗೈಲಿ ಬಂದ್ರೆ ನಿಮ್ಮನ್ನೇ ನಿವಾಳಿಸ್ತೀನಿ,” ಎಂದಳು ಹೆಂಡತಿ ಬ್ರೈನೆ.

ಝೆಲಿಗ್ ಲಿಥುವೇನಿಯಾ ಬಿಟ್ಟು ಜೆರುಸಲೇಮಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅವನ ಮನೆಮಾತು ಯಿಡ್ಡಿಷ್; ಆ ಓಣಿಯವರೂ ಯಹೂದಿಗಳೇ ಆದರೂ ಅವರದು ಸ್ಪ್ಯಾನಿಷ್. ಇಬ್ಬರಿಗೂ ಬರುತ್ತಿದ್ದದ್ದು ಪ್ರಾರ್ಥನೆಯ ಹೀಬ್ರೂ ಒಂದೇ. ದೇವರೊಡನೆ ಆಡುವ ಮಾತಿನಲ್ಲಿ ವ್ಯಾಪಾರ ಮಾಡುವುದೆಂದರೆ ರೇಷ್ಮೆ ಅಂಗಿ ತೊಟ್ಟು ಸೌದೆ ಒಡೆದ ಹಾಗೆ. ಸಾಲದ್ದಕ್ಕೆ ಝೆಲಿಗನಿಗೆ ಹುಂಜಕ್ಕೆ ನೆನಪಾದದ್ದು ‘ಗೆವೆರ್’ ಎಂಬ ಹಳೆಯ ಪದ. ಅದಕ್ಕೆ ಗಂಡಸು ಎಂಬ ಅರ್ಥವೂ ಇತ್ತು.

ಮಸಾಲೆ ಅಂಗಡಿಯ ಬೆಖೋರನ ಮುಂದೆ ನಿಂತು, “ನಮ್ಮ ಮನೆಗೊಂದು ಗಂಡು ಬೇಕಿತ್ತು. ಎಳೇದು, ಗಟ್ಟಿಮುಟ್ಟಾದ್ದು,” ಎಂದ.

“ನನ್ನ ತಂಗಿ ಮನೇಲಿದೆ. ಯಾವಾಗ ಬೇಕು?”

“ಇವತ್ತೇ. ಇಲ್ದಿದ್ರೆ ನನ್ನ ಮಾನ ಉಳಿಯಲ್ಲ.”

ಬೆಖೋರ್ ಕನಿಕರದಿಂದ ತಲೆಯಾಡಿಸಿದ. “ಅರ್ಥವಾಯ್ತು. ನಾನೂ ಹೆಣ್ಣು ಹೆತ್ತವನೇ.”

ಉಚ್ಚಾರಣೆ ಬೇರೆಯಾದ್ದರಿಂದ ಈ ಮಾತು ಝೆಲಿಗನಿಗೆ ತಿಳಿಯಲಿಲ್ಲ. ಆದರೂ “ಆಮೆನ್” ಎಂದ.

ಸಂಜೆ ಬೆಖೋರನ ಬಳಗವೇ ಸಿಹಿಯ ತಟ್ಟೆ ಹಿಡಿದು ಅಂಗಳಕ್ಕೆ ಬಂತು. ಒಂದು ಹುಂಜಕ್ಕೆ ಇಷ್ಟು ಜನ ಏಕೆಂದು ಝೆಲಿಗನಿಗೆ ಅಚ್ಚರಿ.

“ಕಾಲು ಕಟ್ಟಿದೀರಾ?” ಎಂದು ಕೇಳಿದ.

“ಅದು ನಿಮ್ಮ ಕೆಲಸ,” ಎಂದು ನಗುತ್ತ ಬೆಖೋರ್ ಹೊಸ ಅಂಗಿ ತೊಟ್ಟ ಯುವಕನೊಬ್ಬನನ್ನು ಮುಂದೆ ತಳ್ಳಿದ. “ನಮ್ಮ ಗಂಡು, ಶಬ್ತಾಯ್. ಹುಡುಗಿ ಎಲ್ಲಿ?”

ಝೆಲಿಗನಿಗೆ ಆಗ ತನ್ನ ಪದದ ಎಡವಟ್ಟು ಹೊಳೆಯಿತು. ತಡವರಿಸುತ್ತ ಹೆಂಡತಿಗೆ ವಿಷಯ ತಿಳಿಸಿದ.

“ಮಕ್ಕಳೇ ಇಲ್ಲದ ನಮಗೆ ಅಳಿಯ ಎಲ್ಲಿಂದ ಬಂದ?” ಎಂದಳು ಬ್ರೈನೆ.

ಹುಡುಗಿ ಹೊರಗೆ ಬಾರದ್ದನ್ನು ಕಂಡು ಹುಡುಗನ ಸೋದರಮಾವಂದಿರು ತೋಳೇರಿಸತೊಡಗಿದರು. ಅಷ್ಟರಲ್ಲಿ ಟೆಮೆರ್ಲ್ ಓಡಿಬಂದಳು. “ಬಾಗಿಲು ತಪ್ಪಿ ಬಂದಿದಾರೆ ಅಂತ ಹೇಳಿ, ರೆಬ್ ಝೆಲಿಗ್. ಹುಡುಗಿ ಇರೋದು ನಮ್ಮನೇಲಿ.”

ಝೆಲಿಗ್ ಹೇಳಿದ. ಟೆಮೆರ್ಲಳ ಮಗಳು ಹಿಂಡೆ ಶಬ್ತಾಯನನ್ನು ನೋಡಿ ತಲೆ ತಗ್ಗಿಸಿದಳು; ಆದರೆ ಒಳಗೆ ಹೋಗಲಿಲ್ಲ. ಸಂಬಂಧ ಕುದುರಿತು. ಬೀಗರಿಗೆ ಊಟವಾಗಬೇಕಲ್ಲ? ಟೆಮೆರ್ಲ್ ಮಂಚದ ಕೆಳಗೆ ಕೈಹಾಕಿ, ಅಡಗಿಸಿಟ್ಟಿದ್ದ ದಪ್ಪ ಹುಂಜವನ್ನು ಎಳೆದು ಕೊಯ್ಯುವವನ ಮನೆಗೆ ಕಳಿಸಿದಳು.

ಝೆಲಿಗ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವಳು ಅವನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ಈಗ ನಮಗೂ ಹುಂಜ ಇಲ್ಲದ ಹಾಗಾಯ್ತು. ಬೆಳಗಾಗೋದ್ರೊಳಗೆ ಎರಡು ತಂದುಬಿಡಿ. ಅವರ ಹತ್ರ ನಿಮಗೆ ಎಷ್ಟು ಚೆನ್ನಾಗಿ ಮಾತಾಡೋಕೆ ಬರುತ್ತೆ.”